ಟ್ಯಾಸ್ಮೇನಿಯಾ: ಮಕ್ಕಳು, ಹಿರಿಯರನ್ನು ಕರೆದುಕೊಂಡು ಕಾರಿನಲ್ಲಿ ದ್ವೀಪ ಸುತ್ತುವವರಿಗೆ ಸಮಗ್ರ ಮಾರ್ಗದರ್ಶಿ

ನಕಾಶೆಯಲ್ಲಿ ಆಸ್ಟ್ರೇಲಿಯಾದ ಕೆಳಗೆ ಪುಟ್ಟದಾಗಿ ಕಾಣುವ ಟ್ಯಾಸ್ಮೇನಿಯಾವನ್ನು ನೋಡಿದ ಕೂಡಲೇ, ನಾಲ್ಕೈದು ದಿನದಲ್ಲಿ ಒಂದು ಸುತ್ತು ಹಾಕಿ ಬಂದುಬಿಡಬಹುದು ಅನ್ನಿಸುತ್ತದೆ. ಆ ರಾಜ್ಯದ ವಿಸ್ತೀರ್ಣ ಸುಮಾರು 68,400 ಚದರ ಕಿಲೋಮೀಟರ್. ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಅದರಲ್ಲೂ ಬೆಟ್ಟ ಬಳಸಿ, ಕಾಡು ಸೀಳಿ ಹೋಗುವ ಎರಡು ಪಥದ ರಸ್ತೆಗಳೇ ಜಾಸ್ತಿ. ಮೆಲ್ಬರ್ನ್, ಸಿಡ್ನಿಗಳಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳು ಊರಿನಿಂದ ಅಪ್ಪ ಅಮ್ಮ ಬಂದಾಗ ಇಲ್ಲಿಗೆ ಹೊರಡುವುದುಂಟು. ಬೆಂಗಳೂರಿನಿಂದ ನೇರವಾಗಿ ಯೋಜನೆ ಹಾಕಿಕೊಂಡು ಬರುವವರೂ ಇದ್ದಾರೆ. ಇಬ್ಬರಿಗೂ ನಾನು ಮೊದಲು ಹೇಳುವ ಮಾತು ಒಂದೇ: ನೋಡಬೇಕಾದ ಸ್ಥಳಗಳ ಪಟ್ಟಿಯಿಂದ ಆರಂಭಿಸಬೇಡಿ, ಮಲಗುವ ಊರುಗಳಿಂದ ಆರಂಭಿಸಿ.

ಮೊದಲು ರಾತ್ರಿಗಳನ್ನು ಹಂಚಿ

ಒಂದು ಕಾಗದದ ಮೇಲೆ ನಿಮ್ಮ ಕೈಯಲ್ಲಿರುವ ರಾತ್ರಿಗಳ ಸಂಖ್ಯೆ ಬರೆದುಕೊಳ್ಳಿ. ಒಂದೊಂದು ಊರಿಗೂ ಕನಿಷ್ಠ ಎರಡು ರಾತ್ರಿ ಕೊಡಿ. ಪ್ರತಿ ಬೆಳಿಗ್ಗೆ ಪೆಟ್ಟಿಗೆ ಕಟ್ಟಿ, ಮಕ್ಕಳನ್ನು ಎಬ್ಬಿಸಿ, ಹಿರಿಯರ ಔಷಧಿ ಹುಡುಕಿ ಹೊರಡುವುದರಲ್ಲೇ ಎರಡು ಗಂಟೆ ಹೋಗುತ್ತದೆ. ಎರಡು ರಾತ್ರಿ ಇದ್ದರೆ ನಡುವಿನ ಒಂದು ದಿನವಾದರೂ ಪೂರ್ತಿ ನಿಮ್ಮದಾಗುತ್ತದೆ. ಒಂದು ದಿನ ಮಳೆ ಹಿಡಿದರೂ ಇನ್ನೊಂದು ದಿನ ಉಳಿದಿರುತ್ತದೆ.

ಏಳು ರಾತ್ರಿ ಇದ್ದರೆ ಪೂರ್ವದ ಅರ್ಧವನ್ನು ಮಾತ್ರ ನೋಡಿ: ರಾಜಧಾನಿ ಹೋಬಾರ್ಟ್‌ನಲ್ಲಿ ಮೂರು, ಪೂರ್ವ ಕರಾವಳಿಯ ಬಿಷೆನೋ ಅಥವಾ ಕೋಲ್ಸ್ ಬೇಯಲ್ಲಿ ಎರಡು, ಉತ್ತರದ ಲಾನ್ಸೆಸ್ಟನ್‌ನಲ್ಲಿ ಎರಡು. ಹೋಬಾರ್ಟ್‌ಗೆ ಬಂದಿಳಿದು ಲಾನ್ಸೆಸ್ಟನ್‌ನಿಂದ ಹಾರಿಬಿಟ್ಟರೆ ಹಿಂದಿರುಗುವ 200 ಕಿಲೋಮೀಟರ್ ಉಳಿಯುತ್ತದೆ. ಪೂರ್ತಿ ಸುತ್ತಬೇಕೆಂದರೆ ಹನ್ನೊಂದು ಹನ್ನೆರಡು ರಾತ್ರಿ ಬೇಕು. ಮೇಲಿನದಕ್ಕೆ ಕ್ರೇಡಲ್ ಮೌಂಟನ್ ಎರಡು, ಪಶ್ಚಿಮದ ಸ್ಟ್ರಾನ್ ಎರಡು ಸೇರಿಸಿ. ಒಂಬತ್ತು ರಾತ್ರಿಗಳಿದ್ದರೆ? ಸ್ಟ್ರಾನ್ ಬಿಟ್ಟು ಕ್ರೇಡಲ್ ಇಟ್ಟುಕೊಳ್ಳಿ. ಪಶ್ಚಿಮವನ್ನು ಒಂದೇ ರಾತ್ರಿಯಲ್ಲಿ ತುರುಕುವುದಕ್ಕಿಂತ ಇನ್ನೊಮ್ಮೆ ಬರುವುದು ಮೇಲು.

ದೂರವನ್ನು ಕಿಲೋಮೀಟರಿನಲ್ಲಿ ಎಣಿಸಬೇಡಿ, ಗಂಟೆಯಲ್ಲಿ ಎಣಿಸಿ. ಮೊಬೈಲ್ ನಕಾಶೆ ತೋರಿಸುವ ಸಮಯಕ್ಕೆ ಮೂರನೇ ಒಂದು ಭಾಗ ಸೇರಿಸಿ. ಚಿಕ್ಕ ಮಕ್ಕಳಿದ್ದರೆ ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಚಾಲನೆ ಇಟ್ಟುಕೊಳ್ಳಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಬಿಷೆನೋದಿಂದ ಲಾನ್ಸೆಸ್ಟನ್‌ಗೆ ಹೋಗುವ ದಿನ ಮತ್ತು ಸ್ಟ್ರಾನ್‌ನಿಂದ ಹೋಬಾರ್ಟ್‌ಗೆ ಬರುವ ದಿನ, ಇವೆರಡೇ ಇದಕ್ಕೆ ಅಪವಾದ.

ಯಾವ ತಿಂಗಳು?

ಅಲ್ಲಿ ಡಿಸೆಂಬರ್‌ನಿಂದ ಫೆಬ್ರವರಿ ಬೇಸಿಗೆ. ಡಿಸೆಂಬರ್ ಕೊನೆಯಲ್ಲಿ ಹೋಬಾರ್ಟ್‌ನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತರ ಹತ್ತಿರ. ಆದರೆ ಡಿಸೆಂಬರ್ 26ಕ್ಕೆ ಸಿಡ್ನಿಯಿಂದ ಹೊರಡುವ ಹಾಯಿದೋಣಿ ಪಂದ್ಯ ಬಂದು ಸೇರುವುದು ಹೋಬಾರ್ಟ್‌ಗೇ. ಆ ವಾರದಿಂದ ಜನವರಿ ಕೊನೆಯವರೆಗೆ ಕೋಣೆಗೂ ಕಾರಿಗೂ ದುಬಾರಿ ಬೆಲೆ, ಎಷ್ಟೋ ಸಲ ಸಿಗುವುದೂ ಇಲ್ಲ. ಶಾಲೆಯ ಹಂಗಿಲ್ಲದವರಿಗೆ ಫೆಬ್ರವರಿ ಮಧ್ಯದಿಂದ ಮಾರ್ಚ್ ಕೊನೆಯವರೆಗಿನ ಕಾಲವೇ ಉತ್ತಮ.

ಕರ್ನಾಟಕದ ಶಾಲೆಗಳ ಬೇಸಿಗೆ ರಜೆಗೆ ಬರುವವರಿಗೆ ಅಲ್ಲಿ ಶರತ್ಕಾಲ ಸಿಗುತ್ತದೆ. ಫೇಗಸ್ ಎನ್ನುವ, ಬೀಚ್ ಜಾತಿಯ ಕುಳ್ಳ ಮರ ಟ್ಯಾಸ್ಮೇನಿಯಾ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಬೆಳೆಯುವುದಿಲ್ಲ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರಗಳವರೆಗೆ ಕ್ರೇಡಲ್ ಮತ್ತು ಮೌಂಟ್ ಫೀಲ್ಡ್ ಬೆಟ್ಟಗಳಲ್ಲಿ ಅದರ ಎಲೆ ಹಳದಿಗೆ, ಕಿತ್ತಳೆಗೆ, ಕೆಂಪಿಗೆ ತಿರುಗುತ್ತದೆ. ಅದನ್ನು ನೋಡಲೆಂದೇ ಹೋಗಬಹುದು. ಒಂದೇ ಎಚ್ಚರಿಕೆ: ಏಪ್ರಿಲ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆ ತಿಂಗಳ ಕೊನೆಗೆ ಸಂಜೆ ಐದೂವರೆಯೊಳಗೆ ಸೂರ್ಯಾಸ್ತ. ಕತ್ತಲಾದ ಮೇಲೆ ಕಾರು ಓಡಿಸಬಾರದಾದ್ದರಿಂದ ದಿನದ ಲೆಕ್ಕವೇ ಬದಲಾಗುತ್ತದೆ.

ಯಾವ ತಿಂಗಳೇ ಆಗಲಿ, ಎಲ್ಲರಿಗೂ ಮಳೆ ತಡೆಯುವ ಅಂಗಿ ಮತ್ತು ಉಣ್ಣೆಯ ಬಟ್ಟೆ ಇರಲಿ. ಕ್ರೇಡಲ್ ಬೆಟ್ಟದಲ್ಲಿ ಡಿಸೆಂಬರ್‌ನಲ್ಲೂ ಹಿಮ ಬೀಳುವುದುಂಟು. ಅದೇ ದಿನ ಮಧ್ಯಾಹ್ನ ಬಿಸಿಲು ಚರ್ಮ ಸುಡುತ್ತದೆ. ಅಲ್ಲಿಯ ಬಿಸಿಲಿನಲ್ಲಿ ಅತಿನೇರಳೆ ಕಿರಣಗಳು ತೀಕ್ಷ್ಣ. ಟೋಪಿ, ಸನ್‌ಸ್ಕ್ರೀನ್ ಮರೆಯಬೇಡಿ.

ಹಡಗೋ, ವಿಮಾನವೋ?

ಮೆಲ್ಬರ್ನ್‌ನವರಿಗೆ ಎರಡೂ ದಾರಿ ಇವೆ. ಸ್ಪಿರಿಟ್ ಆಫ್ ಟ್ಯಾಸ್ಮೇನಿಯಾ ಹಡಗು 2022ರ ಅಕ್ಟೋಬರ್‌ನಿಂದ ಮೆಲ್ಬರ್ನ್ ಸಮೀಪದ ಜೀಲಾಂಗ್‌ನಿಂದ ಹೊರಡುತ್ತಿದೆ. ರಾತ್ರಿ ಹತ್ತಿದರೆ ಬೆಳಗಿನ ಜಾವ ಉತ್ತರ ತೀರದ ಡೆವನ್‌ಪೋರ್ಟ್. ನಿಮ್ಮದೇ ಕಾರು, ಅದರಲ್ಲಿ ಮಗುವಿನ ಆಸನ, ಕುಕ್ಕರ್, ಹಾಸಿಗೆ ಹೊದಿಕೆ ಎಲ್ಲ ಬರುತ್ತವೆ. ಎಂಟು ಹತ್ತು ದಿನಕ್ಕಿಂತ ಹೆಚ್ಚು ಇರುವ ದೊಡ್ಡ ಕುಟುಂಬಕ್ಕೆ ಇದು ಲಾಭ. ಹಿರಿಯರಿದ್ದರೆ ಮಲಗುವ ಕ್ಯಾಬಿನ್‌ಗೇ ದುಡ್ಡು ಕೊಡಿ. ಒರಗು ಕುರ್ಚಿಯಲ್ಲಿ ರಾತ್ರಿ ಕಳೆದವರಿಗೆ ಮಾರನೆಯ ದಿನ ಬೆಟ್ಟದ ರಸ್ತೆ ಹಿಡಿಯುವ ಶಕ್ತಿ ಇರುವುದಿಲ್ಲ. ನಡುವಿನ ಬಾಸ್ ಜಲಸಂಧಿ ಒರಟು ಸಮುದ್ರ. ಹೊಟ್ಟೆ ತೊಳಸುವ ಸ್ವಭಾವದವರು ವೈದ್ಯರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಬೇಕು. ಹಡಗು ಸಾಗುತ್ತಿರುವಾಗ ಕಾರಿನ ಬಳಿ ಹೋಗಲು ಬಿಡುವುದಿಲ್ಲ. ಆದ್ದರಿಂದ ಔಷಧಿ, ಹಾಲಿನ ಬಾಟಲಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ.

ಉಳಿದವರಿಗೆ ವಿಮಾನವೇ ಸರಿ. ಮೆಲ್ಬರ್ನ್‌ನಿಂದ ಹೋಬಾರ್ಟ್‌ಗೆ ಸುಮಾರು ಒಂದೂಕಾಲು ಗಂಟೆ, ಸಿಡ್ನಿಯಿಂದ ಎರಡು ಗಂಟೆಯ ಒಳಗೆ. ಭಾರತದಿಂದ ಬರುವ ಹಿರಿಯರಿಗೆ ವೀಸಾ ಅಷ್ಟೇ ಅಲ್ಲ, ಆಸ್ಪತ್ರೆ ವೆಚ್ಚ ಭರಿಸುವ ಪ್ರಯಾಣ ವಿಮೆಯೂ ಕಡ್ಡಾಯ ಎಂದೇ ತಿಳಿಯಿರಿ.

ಎರಡರಲ್ಲಿ ಯಾವುದರಿಂದ ಹೋದರೂ ಒಂದು ನಿಯಮ ಬಿಗಿಯಾಗಿದೆ: ತಾಜಾ ಹಣ್ಣು, ತರಕಾರಿ, ಗಿಡದ ಭಾಗ ಯಾವುದನ್ನೂ ದ್ವೀಪದೊಳಗೆ ಒಯ್ಯುವಂತಿಲ್ಲ. ಮೆಲ್ಬರ್ನ್‌ನ ಮನೆಯಂಗಳದ ಕರಿಬೇವು, ಮಗುವಿನ ಡಬ್ಬಿಯ ಸೇಬಿನ ಹೋಳು, ಚೀಲದ ತಳದಲ್ಲಿ ಮರೆತ ನಿಂಬೆಹಣ್ಣು, ಎಲ್ಲಕ್ಕೂ ಇದು ಅನ್ವಯ. ಮೂಸಿ ಹಿಡಿಯುವ ನಾಯಿಗಳಿರುತ್ತವೆ. ಹಣ್ಣಿನ ನೊಣದಂಥ ಕೀಟಗಳು ನುಸುಳದಂತೆ ಅಲ್ಲಿಯ ತೋಟಗಾರರು ಕಾಪಾಡಿಕೊಂಡಿರುವ ವ್ಯವಸ್ಥೆ ಇದು. ಗೌರವಿಸೋಣ.

ಕಾರು, ಪರವಾನಗಿ, ಮಗುವಿನ ಆಸನ

ನಮ್ಮಲ್ಲಿಯಂತೆಯೇ ಅಲ್ಲೂ ಎಡಬದಿಯ ಚಾಲನೆ. ಇಂಗ್ಲಿಷಿನಲ್ಲಿರುವ ಭಾರತದ ಪರವಾನಗಿ ಪ್ರವಾಸಿಗರಿಗೆ ಸಾಕಾಗುತ್ತದೆ. ಅಂತರರಾಷ್ಟ್ರೀಯ ಪರ್ಮಿಟ್ ಕೂಡ ಜೊತೆಗಿದ್ದರೆ ಬಾಡಿಗೆ ಕಚೇರಿಯ ಕಟ್ಟೆಯಲ್ಲಿ ಮಾತು ಕಡಿಮೆಯಾಗುತ್ತದೆ. ಊರೊಳಗೆ ವೇಗಮಿತಿ 50, ಹೊರಗಿನ ಡಾಂಬರು ರಸ್ತೆಯಲ್ಲಿ 100, ಜಲ್ಲಿ ರಸ್ತೆಯಲ್ಲಿ 80. ಈ 100 ಎನ್ನುವುದು ಮಿತಿ. ತಿರುವಿನ ಮುಂಚಿನ ಹಳದಿ ಫಲಕದಲ್ಲಿ 45 ಎಂದಿದ್ದರೆ ಅದನ್ನೇ ನಂಬಿ. ಹಿಂದೆ ಸ್ಥಳೀಯರ ಕಾರೋ ಮರದ ದಿಮ್ಮಿಯ ಲಾರಿಯೋ ಬಂದರೆ ಗಾಬರಿಯಾಗಿ ವೇಗ ಹೆಚ್ಚಿಸಬೇಡಿ. ರಸ್ತೆ ಅಗಲವಾದ ಕಡೆ ಪಕ್ಕಕ್ಕೆ ನಿಲ್ಲಿಸಿ ದಾರಿ ಬಿಡಿ.

ಏಳು ವರ್ಷ ತುಂಬದ ಮಕ್ಕಳಿಗೆ ಆಸ್ಟ್ರೇಲಿಯಾದ ಮಾನದಂಡಕ್ಕೆ ಒಪ್ಪುವ ಆಸನವೇ ಬೇಕು. ಆರು ತಿಂಗಳೊಳಗಿನ ಶಿಶು ಹಿಂದಕ್ಕೆ ಮುಖ ಮಾಡಿದ ಆಸನದಲ್ಲಿ, ನಾಲ್ಕು ವರ್ಷದವರೆಗೆ ಒಳಪಟ್ಟಿಯಿರುವ ಆಸನದಲ್ಲಿ, ನಂತರ ಅದೇ ಅಥವಾ ಮಗುವನ್ನು ಎತ್ತರಿಸಿ ಕೂರಿಸುವ ಬೂಸ್ಟರ್ ಆಸನ. ಭಾರತದಿಂದ ಹೊತ್ತು ತಂದದ್ದು ನಡೆಯುವುದಿಲ್ಲ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಅಜ್ಜಿಯ ಪ್ರೀತಿಗೂ ಅಲ್ಲಿ ಅವಕಾಶವಿಲ್ಲ. ಇದನ್ನು ಹೊರಡುವ ಮುಂಚೆಯೇ ಅಜ್ಜಿಗೆ ಸಮಾಧಾನದಿಂದ ಹೇಳಿಬಿಡಬೇಕು. ಕಾರು ಕಾಯ್ದಿರಿಸುವಾಗಲೇ ಆಸನವನ್ನೂ ಬರೆಸಿ. ಆರು ಜನರಿದ್ದರೆ ಏಳು ಆಸನದ ಕಾರು ಸಾಲದು. ಮೂರನೇ ಸಾಲು ಎತ್ತಿದರೆ ಸಾಮಾನಿಗೆ ಜಾಗವೇ ಇರುವುದಿಲ್ಲ. ಎಂಟು ಆಸನದ ವ್ಯಾನ್ ನೋಡಿ.

ಬಾಡಿಗೆ ಒಪ್ಪಂದದಲ್ಲಿ ಮೂರು ವಿಷಯ ಓದಿ: ಜಲ್ಲಿ ರಸ್ತೆಗೆ ವಿಮೆ ಇದೆಯೇ, ಪ್ರಾಣಿಗೆ ಡಿಕ್ಕಿಯಾದರೆ ನೀವು ಕೊಡಬೇಕಾದ ಮೊತ್ತ ಎಷ್ಟು, ಒಂದೂರಲ್ಲಿ ಪಡೆದು ಇನ್ನೊಂದೂರಲ್ಲಿ ಬಿಟ್ಟರೆ ಹೆಚ್ಚುವರಿ ಶುಲ್ಕ ಇದೆಯೇ.

ಮುಸ್ಸಂಜೆಯ ನಿಯಮ

ಹೊತ್ತು ಮುಳುಗುವ ಒಂದು ಗಂಟೆ ಮುಂಚೆ ಕಾರು ನಿಂತಿರಬೇಕು. ಈ ಒಂದು ನಿಯಮದಲ್ಲಿ ನಾನು ಯಾರೊಂದಿಗೂ ರಾಜಿ ಮಾಡಿಕೊಳ್ಳುವುದಿಲ್ಲ. ಪುಟ್ಟ ಕಾಂಗರೂವಿನಂಥ ವಾಲಬಿ ಮತ್ತು ಪ್ಯಾಡಿಮೆಲನ್, ಮರವೇರುವ ಪಾಸಮ್, ದುಂಡು ಮೈಯ ವಾಂಬ್ಯಾಟ್, ಮಾಂಸಾಹಾರಿ ಟ್ಯಾಸ್ಮೇನಿಯನ್ ಡೆವಿಲ್ ಎಲ್ಲವೂ ಮುಖ್ಯವಾಗಿ ಇಳಿಹೊತ್ತಿನಿಂದ ಬೆಳಗಿನವರೆಗೆ ಓಡಾಡುತ್ತವೆ. ಬೆಳಿಗ್ಗೆ ಹೊರಟರೆ ರಸ್ತೆಯಂಚಿನಲ್ಲಿ ಸತ್ತು ಬಿದ್ದ ಪ್ರಾಣಿಗಳ ಸಾಲು ಕಾಣುತ್ತದೆ. ಮಕ್ಕಳು ಕೇಳುವ ಪ್ರಶ್ನೆಗೆ ಉತ್ತರಿಸಲು ಸಿದ್ಧರಾಗಿರಿ. ಮುಖದ ಗಂತಿಯ ಕ್ಯಾನ್ಸರ್‌ನಿಂದ ಡೆವಿಲ್‌ಗಳ ಸಂಖ್ಯೆ ಈಗಾಗಲೇ ಕುಸಿದಿದೆ. ಸತ್ತದ್ದನ್ನು ತಿನ್ನಲು ರಸ್ತೆಗೆ ಬರುವುದರಿಂದ ಅವೂ ಗಾಲಿಗೆ ಸಿಕ್ಕಿ ಸಾಯುತ್ತವೆ. ತೀರಾ ಅನಿವಾರ್ಯವಾಗಿ ಕತ್ತಲಲ್ಲಿ ಓಡಿಸಬೇಕಾದರೆ 65ಕ್ಕಿಂತ ಕೆಳಗಿರಿ. ಪ್ರಾಣಿ ಎದುರಾದರೆ ನೇರವಾಗಿ ಬ್ರೇಕ್ ಹಾಕಿ, ಸ್ಟಿಯರಿಂಗ್ ಎಳೆಯಬೇಡಿ.

ದಾರಿ: ಹೋಬಾರ್ಟ್‌ನಿಂದ ಎಡಸುತ್ತು

ಹೋಬಾರ್ಟ್‌ನಿಂದ ಪೂರ್ವ ಕರಾವಳಿ ಹಿಡಿದು, ಉತ್ತರಕ್ಕೆ ಹೋಗಿ, ಪಶ್ಚಿಮದಿಂದ ಇಳಿದು ಬರುವ ಕ್ರಮ ನನಗೆ ಇಷ್ಟ. ಸುಲಭದ ರಸ್ತೆಗಳು ಮೊದಲು ಸಿಗುತ್ತವೆ. ಚಾಲಕನ ಕೈ ಪಳಗಿದ ಮೇಲೆ ಪಶ್ಚಿಮದ ತಿರುವುಗಳು ಬರುತ್ತವೆ. ಹಡಗಿನಲ್ಲಿ ಬಂದವರು ಡೆವನ್‌ಪೋರ್ಟ್‌ನಿಂದಲೇ ಈ ಸುತ್ತಿಗೆ ಸೇರಿಕೊಳ್ಳಬಹುದು. ಕ್ರೇಡಲ್ ಅಲ್ಲಿಂದ ಒಂದೂಕಾಲು ಗಂಟೆ.

ಹೋಬಾರ್ಟ್‌ನ ಮೂರು ರಾತ್ರಿಗಳಲ್ಲಿ ಒಂದು ಶನಿವಾರ ಬೆಳಗು ಬರುವಂತೆ ಹೊಂದಿಸಿ, ಸಲಮಾಂಕಾ ಸಂತೆ ಅಂದೇ ನಡೆಯುತ್ತದೆ. 1,271 ಮೀಟರ್ ಎತ್ತರದ ಕುನಾನ್ಯಿ ಬೆಟ್ಟದ ತುದಿಯವರೆಗೂ ಕಾರು ಹೋಗುತ್ತದೆ. ಹಿಮ ಬಿದ್ದರೆ ರಸ್ತೆ ಮುಚ್ಚುತ್ತಾರೆ. ವೆಲಿಂಗ್ಟನ್ ಎಂಬ ಹೆಸರಿನ ಜೊತೆಗೆ ಈ ಮೂಲನಿವಾಸಿ ಹೆಸರೂ ಈಗ ಅಧಿಕೃತ.

ಪೋರ್ಟ್ ಆರ್ಥರ್‌ಗೆ ಒಂದು ಪೂರ್ತಿ ದಿನ ಕೊಡಿ, ಹೋಗಲು ಒಂದೂವರೆ ಗಂಟೆ. ಬ್ರಿಟಿಷರು ಕೈದಿಗಳನ್ನು ಗಡೀಪಾರು ಮಾಡಿ ಇಟ್ಟಿದ್ದ ಈ ನೆಲೆ 2010ರಲ್ಲಿ ಇತರ ಕೈದಿ ತಾಣಗಳ ಜೊತೆ ವಿಶ್ವ ಪರಂಪರೆಯ ಪಟ್ಟಿ ಸೇರಿತು. ದಾರಿಯಲ್ಲಿ ಈಗಲ್‌ಹಾಕ್ ನೆಕ್ ಎಂಬ ಕಿರಿದಾದ ನೆಲಪಟ್ಟಿಯಿದೆ. ಓಡಿಹೋಗುವ ಕೈದಿಗಳನ್ನು ತಡೆಯಲು ಅದರ ಅಡ್ಡಗಲಕ್ಕೂ ಸಾಲಾಗಿ ನಾಯಿಗಳನ್ನು ಕಟ್ಟಿಹಾಕುತ್ತಿದ್ದರು. ಮಕ್ಕಳು ಅಂದಿನ ದಿನದಲ್ಲಿ ಅದನ್ನೇ ಹೆಚ್ಚು ನೆನಪಿಟ್ಟುಕೊಳ್ಳುತ್ತಾರೆ. ಅದೇ ಪೋರ್ಟ್ ಆರ್ಥರ್‌ನಲ್ಲಿ 1996ರ ಏಪ್ರಿಲ್‌ನಲ್ಲಿ ಒಬ್ಬ ಬಂದೂಕುಧಾರಿ 35 ಜನರನ್ನು ಕೊಂದ. ಆಸ್ಟ್ರೇಲಿಯಾದ ಬಂದೂಕು ಕಾನೂನು ಬಿಗಿಯಾದದ್ದು ಅದರ ನಂತರ. ಸ್ಮಾರಕ ತೋಟದಲ್ಲಿ ಮೌನವಾಗಿ ನಿಂತು ಬನ್ನಿ. ಅಲ್ಲಿಯ ಸಿಬ್ಬಂದಿಯನ್ನು ಆ ಬಗ್ಗೆ ಕೆದಕಬೇಡಿ.

ಮೂರನೇ ದಿನಕ್ಕೆ ಬ್ರೂನಿ ದ್ವೀಪವೋ ಮೌಂಟ್ ಫೀಲ್ಡೋ ಎಂಬ ಪ್ರಶ್ನೆ ಏಳುತ್ತದೆ. ಹಿರಿಯರೂ ತಳ್ಳುಗಾಡಿಯ ಮಗುವೂ ಇದ್ದರೆ ಮೌಂಟ್ ಫೀಲ್ಡ್. ರಸೆಲ್ ಜಲಪಾತದವರೆಗೆ ದಾರಿ ಸಮತಟ್ಟು, ಎರಡೂ ಬದಿ ಮರದೆತ್ತರದ ಜರಿಗಿಡಗಳು. ಬ್ರೂನಿಗೆ ಕೆಟರಿಂಗ್‌ನಿಂದ ಕಾರು ಸಮೇತ ದೋಣಿ ಹತ್ತಬೇಕು, ಇಪ್ಪತ್ತು ನಿಮಿಷದ ದಾಟು. ರಜೆಯ ದಿನಗಳಲ್ಲಿ ಸಾಲು ದೊಡ್ಡದು.

ಪೂರ್ವ ಕರಾವಳಿಗೆ ಎರಡೂವರೆ ಗಂಟೆ. ದಾರಿಯಲ್ಲಿ ರಿಚ್‌ಮಂಡ್‌ನ ಸೇತುವೆ ನೋಡಿ. ಕೈದಿಗಳು ಕಟ್ಟಿದ ಅದು 1825ರಲ್ಲಿ ಮುಗಿಯಿತು, ಇಂದಿಗೂ ಅದರ ಮೇಲೆ ಕಾರುಗಳು ಹೋಗುತ್ತವೆ. ಕೋಲ್ಸ್ ಬೇ ಪಕ್ಕದ ಫ್ರೇಸಿನೆ ರಾಷ್ಟ್ರೀಯ ಉದ್ಯಾನದಲ್ಲಿ ಕುಟುಂಬವನ್ನು ಎರಡು ತಂಡ ಮಾಡಿ. ವೈನ್‌ಗ್ಲಾಸ್ ಬೇ ಕಾಣುವ ಎತ್ತರಕ್ಕೆ ಹತ್ತಿ ಇಳಿಯಲು ಒಂದೂವರೆ ಗಂಟೆ, ಮೆಟ್ಟಿಲುಗಳು ಬಹಳ, ಮಂಡಿನೋವಿನವರಿಗೆ ಬೇಡ. ಅವರನ್ನು ಕೇಪ್ ಟೂರ್‌ವಿಲ್‌ಗೆ ಕರೆದೊಯ್ಯಿರಿ. ಅಲ್ಲಿ ದೀಪಸ್ತಂಭದ ಸುತ್ತ ಹಲಗೆ ಹಾಸಿದ ಸಣ್ಣ ದಾರಿ, ಕೆಳಗೆ ಕೆಂಪುಕಲ್ಲಿನ ಬಂಡೆಗೆ ಅಪ್ಪಳಿಸುವ ಕಡಲು. ಇಪ್ಪತ್ತು ನಿಮಿಷ ಸಾಕು. ಬಿಷೆನೋದಲ್ಲಿ ಕತ್ತಲಾದ ಮೇಲೆ ಪುಟ್ಟ ಪೆಂಗ್ವಿನ್‌ಗಳು ಕಡಲಿನಿಂದ ಗೂಡಿಗೆ ಬರುತ್ತವೆ. ಮಾರ್ಗದರ್ಶಕರ ಜೊತೆಗಷ್ಟೇ ಹೋಗಿ. ಮೊಬೈಲ್ ಬೆಳಕು ಅವುಗಳಿಗೆ ತೊಂದರೆ ಕೊಡುತ್ತದೆ.

ಬಿಷೆನೋದಿಂದ ಸೇಂಟ್ ಹೆಲೆನ್ಸ್ ಮೇಲಾಗಿ ಲಾನ್ಸೆಸ್ಟನ್ ಸುಮಾರು ಮೂರೂವರೆ ಗಂಟೆ. ನಡುವೆ ಬಿನಾಲಾಂಗ್ ಬೇಯಲ್ಲಿ ಇಳಿಯಿರಿ. ಬೇ ಆಫ್ ಫೈರ್ಸ್ ತೀರ ಇಲ್ಲಿಂದ ಶುರುವಾಗುತ್ತದೆ. ಬಂಡೆಗಳ ಮೇಲಿನ ಕಿತ್ತಳೆ ಬಣ್ಣ ಕಲ್ಲುಹೂವಿನದು. ಆದರೆ ಹೆಸರು ಬಂದದ್ದು ಅದರಿಂದಲ್ಲ, 1773ರಲ್ಲಿ ಕ್ಯಾಪ್ಟನ್ ಫರ್ನೋ ಹಡಗಿನಿಂದ ಕಂಡ ಮೂಲನಿವಾಸಿಗಳ ಬೆಂಕಿಗಳಿಂದ. ಲಾನ್ಸೆಸ್ಟನ್‌ನಲ್ಲಿ ವಿಶ್ರಾಂತಿ ತೆಗೆದುಕೊಳ್ಳಿ: ಬಟ್ಟೆ ಒಗೆಯಿರಿ, ದಿನಸಿ ತುಂಬಿಕೊಳ್ಳಿ, ಮಕ್ಕಳನ್ನು ಕ್ಯಾಟರಾಕ್ಟ್ ಗಾರ್ಜ್‌ನ ಹುಲ್ಲುಹಾಸಿನಲ್ಲಿ ಬಿಡಿ.

ಅಲ್ಲಿಂದ ಶೆಫೀಲ್ಡ್ ಮೇಲಾಗಿ ಕ್ರೇಡಲ್‌ಗೆ ಎರಡು ಗಂಟೆಗಿಂತ ತುಸು ಹೆಚ್ಚು. ಹತ್ತು ದಿನಗಳಲ್ಲಿ ಏಳು ದಿನ ಮಳೆ ಎನ್ನುವುದು ಅಲ್ಲಿಯ ಪ್ರಸಿದ್ಧ ಲೆಕ್ಕ. ಎರಡು ರಾತ್ರಿ ಬೇಕೇಬೇಕು ಎಂದದ್ದು ಇದಕ್ಕೇ. ಕಾರನ್ನು ಸಂದರ್ಶಕರ ಕೇಂದ್ರದಲ್ಲಿ ಬಿಟ್ಟು ಬಸ್ಸಿನಲ್ಲಿ ಡವ್ ಸರೋವರಕ್ಕೆ ಹೋಗಬೇಕು. ಸರೋವರದ ಸುತ್ತ ಆರು ಕಿಲೋಮೀಟರ್, ಎರಡು ಮೂರು ಗಂಟೆ. ನಡೆಯಲಾಗದವರು ದಡದಲ್ಲಿ ಕುಳಿತರೂ 1,545 ಮೀಟರಿನ ಶಿಖರ ಎದುರಿಗೇ ಇರುತ್ತದೆ, ಮೋಡ ಸರಿದರೆ. ಮಲೆನಾಡಿನವರಿಗೆ ಪರಿಚಿತವಾದ ಉಂಬಳ ಇಲ್ಲಿಯ ಒದ್ದೆ ಕಾಡಿನಲ್ಲೂ ಇದೆ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಸಂಜೆ ಬಸ್ಸಿನಿಂದ ರಾನಿ ಕ್ರೀಕ್‌ನಲ್ಲಿ ಇಳಿದರೆ ಹಲಗೆದಾರಿಯ ಪಕ್ಕದಲ್ಲೇ ವಾಂಬ್ಯಾಟ್‌ಗಳು ಮೇಯುತ್ತಿರುತ್ತವೆ. ತಲೆ ಎತ್ತುವುದಿಲ್ಲ, ಹುಲ್ಲು ಕಚ್ಚಿ ಹರಿಯುವ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಅವುಗಳ ಹಿಕ್ಕೆ ಚೌಕಾಕಾರ. ಕಲ್ಲಿನ ಮೇಲೆ, ಹುಲ್ಲುಗಡ್ಡೆಯ ಮೇಲೆ ಗುರುತಿಗಾಗಿ ಇಟ್ಟಿರುತ್ತವೆ. ಮಕ್ಕಳಿಗೆ ಅದನ್ನು ತೋರಿಸಿ, ಆದರೆ ಮುಟ್ಟಲೂ ಅಟ್ಟಲೂ ಬಿಡಬೇಡಿ. ಮರಳುವ ಕೊನೆಯ ಬಸ್ಸಿನ ಸಮಯ ಮೊದಲೇ ಕೇಳಿಕೊಂಡಿರಿ.

ಕ್ರೇಡಲ್‌ನಿಂದ ಸ್ಟ್ರಾನ್‌ಗೆ ಎರಡು ಗಂಟೆ ಚಿಲ್ಲರೆ, ಗಣಿಯೂರುಗಳಾದ ಟಲ್ಲಾ, ರೋಸ್‌ಬರಿ, ಜೀಹಾನ್ ಮೇಲಾಗಿ. ಸ್ಟ್ರಾನ್‌ನಲ್ಲಿ ಗಾರ್ಡನ್ ನದಿಯ ದೋಣಿಯಾನ ಅಥವಾ ಗುಡ್ಡಗಾಡಿನ ಉಗಿಬಂಡಿ, ಎರಡರಲ್ಲಿ ಒಂದನ್ನು ಆರಿಸಿ. ಹಿರಿಯರಿದ್ದರೆ ನದಿ. ಕಾಡಿನ ಎಲೆ ಬೇರುಗಳ ಕಷಾಯದಿಂದ ನೀರು ಕಪ್ಪಗಿದ್ದು, ಗಾಳಿಯಿಲ್ಲದ ಬೆಳಗಿನಲ್ಲಿ ದಡದ ಮರಗಳನ್ನು ತಲೆಕೆಳಗಾಗಿ ತೋರಿಸುತ್ತದೆ. ಸಾವಿರಾರು ವರ್ಷ ಬದುಕುವ ಹ್ಯುಯಾನ್ ಪೈನ್ ಬೆಳೆಯುವುದು ಈ ದಡಗಳಲ್ಲಿ.

ಕೊನೆಯ ದೀರ್ಘ ದಿನ ಹೋಬಾರ್ಟ್‌ಗೆ 300 ಕಿಲೋಮೀಟರ್. ಎಂಟು ಗಂಟೆಗೆ ಹೊರಡಿ, ಕ್ವೀನ್ಸ್‌ಟೌನ್‌ನಲ್ಲಿ ಪೆಟ್ರೋಲ್ ತುಂಬಿಸಿ. ಅಲ್ಲಿಯ ಬೆಟ್ಟಗಳು ಬೋಳು. ತಾಮ್ರ ಕರಗಿಸುವ ಕುಲುಮೆಗೆ ಮರ ಕಡಿದರು, ಗಂಧಕದ ಹೊಗೆ ಉಳಿದ ಹಸಿರನ್ನು ಕೊಂದಿತು, ಮಳೆ ಮಣ್ಣನ್ನು ತೊಳೆಯಿತು. ಊರು ದಾಟಿ ತಿರುವುಗಳನ್ನು ಏರಿದರೆ ವಿಶ್ವ ಪರಂಪರೆಯ ದಟ್ಟ ಕಾಡು ಆರಂಭ. ಒಂದೇ ಗಂಟೆಯೊಳಗೆ ಎರಡನ್ನೂ ನೋಡುವ ಈ ದಾರಿಯನ್ನು ನಾನು ದ್ವೀಪದ ಅತ್ಯುತ್ತಮ ಪಾಠ ಎನ್ನುತ್ತೇನೆ. ನೆಲ್ಸನ್ ಜಲಪಾತ ಮತ್ತು ಡರ್ವೆಂಟ್ ಬ್ರಿಡ್ಜ್‌ನಲ್ಲಿ ನಿಲ್ಲಿ. ವಾಂತಿ ಬರುವ ಮಕ್ಕಳಿಗೆ ಬೆಳಿಗ್ಗೆ ಹಾಲು ಬೇಡ, ಒಣ ಬ್ರೆಡ್ ಸಾಕು.

ಊಟ

ಅಡುಗೆಮನೆಯಿರುವ ಕ್ಯಾಬಿನ್ ಹಿಡಿಯಿರಿ. ಕ್ಯಾರವಾನ್ ಪಾರ್ಕ್‌ಗಳಲ್ಲಿ ಅಗ್ಗವಾಗಿ ಸಿಗುತ್ತವೆ, ಮಕ್ಕಳಿಗೆ ಆಟದ ಜಾಗವೂ ಇರುತ್ತದೆ. ಸಣ್ಣ ಊರುಗಳಲ್ಲಿ ಹೋಟೆಲಿನ ಅಡುಗೆಮನೆ ರಾತ್ರಿ ಎಂಟಕ್ಕೇ ಮುಚ್ಚುತ್ತದೆ, ಸಸ್ಯಾಹಾರಿಗಳಿಗೆ ಆಲೂಗಡ್ಡೆ ಚಿಪ್ಸ್ ಬಿಟ್ಟು ಹೆಚ್ಚೇನೂ ಇರುವುದಿಲ್ಲ. ಒಂದು ಪುಟ್ಟ ರೈಸ್ ಕುಕ್ಕರ್, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ ಇದ್ದರೆ ಸಂಜೆಯ ಚಿಂತೆ ಮುಗಿಯಿತು. ಭಾರತದಿಂದ ತರುವವರು ವಿಮಾನದಲ್ಲಿ ಕೊಡುವ ಚೀಟಿಯಲ್ಲಿ ಎಲ್ಲ ಆಹಾರವನ್ನೂ ನಮೂದಿಸಬೇಕು. ತೋರಿಸಿದ್ದಕ್ಕೆ ದಂಡವಿಲ್ಲ, ಬಚ್ಚಿಟ್ಟದ್ದಕ್ಕೆ ದೊಡ್ಡ ದಂಡ. ಪ್ಲಗ್ಗಿನ ಆಕಾರ ಬೇರೆ, ಅಡಾಪ್ಟರ್ ಬೇಕು, ವೋಲ್ಟೇಜ್ ನಮ್ಮದೇ.

ತಾಜಾ ಹಣ್ಣಿಗೆ ಅಲ್ಲೇನೂ ಬರವಿಲ್ಲ. ಹಳ್ಳಿದಾರಿಗಳಲ್ಲಿ ತೋಟದ ಗೇಟಿನ ಮುಂದೆ ಒಂದು ಮರದ ಗೂಡು, ಅದರಲ್ಲಿ ಚೆರಿಯೋ ಸೇಬೋ ತುಂಬಿದ ಪೊಟ್ಟಣ, ಪಕ್ಕದಲ್ಲಿ ಸೀಳಿರುವ ತಗಡಿನ ಡಬ್ಬಿ. ಕಾಯುವವರಿಲ್ಲ. ದುಡ್ಡು ಹಾಕಿ ಪೊಟ್ಟಣ ತೆಗೆದುಕೊಳ್ಳುವುದು. ನಾಣ್ಯಗಳನ್ನು ಮಕ್ಕಳ ಕೈಯಲ್ಲೇ ಹಾಕಿಸಿ. ಪಶ್ಚಿಮದ ಮಳೆಕಾಡಿನ ಲೆದರ್‌ವುಡ್ ಹೂವಿನ ಜೇನುತುಪ್ಪವನ್ನೂ ತಪ್ಪದೆ ರುಚಿ ನೋಡಿ.

ಕಾಯ್ದಿರಿಸುವ ಸರದಿ

ಬೇಸಿಗೆಯ ಪ್ರವಾಸವಾದರೆ ಆರೇಳು ತಿಂಗಳು ಮೊದಲೇ ಶುರು ಮಾಡಿ. ಹಡಗು ಅಥವಾ ಕಾರು ಮೊದಲು. ವಿಮಾನ ಸಿಕ್ಕಿ ಕಾರು ಸಿಗದಿದ್ದರೆ ಏನೂ ಪ್ರಯೋಜನವಿಲ್ಲ. ನಂತರ ಕ್ರೇಡಲ್ ಮತ್ತು ಕೋಲ್ಸ್ ಬೇ ವಸತಿ, ಏಕೆಂದರೆ ಅಲ್ಲಿ ಕೋಣೆಗಳೇ ಕಡಿಮೆ. ಆಮೇಲೆ ಸ್ಟ್ರಾನ್‌ನ ದೋಣಿ, ಬಿಷೆನೋದ ಪೆಂಗ್ವಿನ್ ವೀಕ್ಷಣೆ. ಹೋಬಾರ್ಟ್, ಲಾನ್ಸೆಸ್ಟನ್ ಕೊನೆಗಾದರೂ ನಡೆಯುತ್ತದೆ. ರಾಷ್ಟ್ರೀಯ ಉದ್ಯಾನಗಳಿಗೆ ದಿನದ ಚೀಟಿ ಬೇಡ. ಇಡೀ ಕಾರಿಗೆ ಒಂದೇ ರಜಾ ಪಾಸ್ ಸಿಗುತ್ತದೆ, ಎಂಟು ಜನರವರೆಗೆ ನಡೆಯುತ್ತದೆ.

ಪಶ್ಚಿಮದಲ್ಲಿ ಮೊಬೈಲ್ ಸಂಕೇತ ಗಂಟೆಗಟ್ಟಲೆ ಸಿಗುವುದಿಲ್ಲ. ಇದ್ದುದರಲ್ಲಿ ಟೆಲ್‌ಸ್ಟ್ರಾ ಜಾಲ ವಾಸಿ. ಲಾನ್ಸೆಸ್ಟನ್ ಬಿಡುವ ಮುಂಚೆ ನಕಾಶೆಯನ್ನು ಮೊಬೈಲಿಗೆ ಇಳಿಸಿಕೊಳ್ಳಿ. ವಸತಿಗಳ ವಿಳಾಸ, ಕಾಯ್ದಿರಿಸಿದ ಸಂಖ್ಯೆ, ಹಿರಿಯರ ಔಷಧಿಗಳ ಹೆಸರು, ತುರ್ತು ಸಂಖ್ಯೆ 000, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕಾರಿನ ಮುಂದಿನ ಖಾನೆಯಲ್ಲಿಡಿ. ಆ ಹಾಳೆ ಎಲ್ಲಿದೆ ಎಂದು ಚಾಲಕನಿಗಷ್ಟೇ ಅಲ್ಲ, ಕಾರಿನಲ್ಲಿರುವ ಎಲ್ಲರಿಗೂ ಗೊತ್ತಿರಲಿ.